ನೀವು ಮುಗಿಸಿದ ಜಾಗದಿಂದ ಶುರು ಮಾಡಿ

ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವ ಆಟಗಾರ) ಜಾನಿ ವ್ಯಾಂಡರ್ ಮೀರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ನೇರವಾಗಿ ಹೇಳುತ್ತೇನೆ, ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ಲೇಖನದ ಮುಕ್ಕಾಲು ಭಾಗ 1938ರ ಜೂನ್ ತಿಂಗಳ ಎರಡು ಪಂದ್ಯಗಳಿಗೆ ಹೋಗಿದೆ. 11ರಂದು ಬಾಸ್ಟನ್ ವಿರುದ್ಧ, 15ರಂದು ಬ್ರೂಕ್ಲಿನ್ ವಿರುದ್ಧ. ಸಿನ್ಸಿನಾಟಿ ರೆಡ್ಸ್ ತಂಡದ ಈ 23ರ ಎಡಗೈ ಹುಡುಗ ಎರಡರಲ್ಲೂ ನೋ-ಹಿಟರ್ ಎಸೆದ. ಸತತ ಎರಡು ಪಂದ್ಯಗಳಲ್ಲಿ ಹೀಗೆ ಮಾಡಿದವರು ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಇನ್ನೊಬ್ಬರಿಲ್ಲ. ಸರಿ, ಆದರೆ ನೋ-ಹಿಟರ್ ಅಂದರೆ ಏನು ಅನ್ನುವುದು ನಿಮ್ಮ ಲೇಖನದಲ್ಲಿ ಆರನೇ ಪುಟದವರೆಗೂ ಬರುವುದಿಲ್ಲ. ನಮ್ಮ ಓದುಗರಲ್ಲಿ ಹೆಚ್ಚಿನವರು ಬೇಸ್‌ಬಾಲ್ ನೋಡಿದವರಲ್ಲ, ಅಲ್ವಾ? ಇಡೀ ಪಂದ್ಯದಲ್ಲಿ ಎದುರಾಳಿ ತಂಡದ ಒಬ್ಬನೂ ತನ್ನ ಹೊಡೆತದಿಂದ ಬೇಸ್ (ಓಡಿ ಮುಟ್ಟಬೇಕಾದ ಜಾಗ) ತಲುಪದಂತೆ ಎಸೆಯುವುದು ನೋ-ಹಿಟರ್. ಇದನ್ನು ಮೊದಲ ಪುಟದಲ್ಲೇ ಹೇಳಿ. ಜೊತೆಗೆ ವಾಕ್ ಅಂದರೇನು ಅಂತಲೂ ಹೇಳಿ. ಪಿಚರ್ ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟ್ ಹಿಡಿದವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ. ಇದು ಗೊತ್ತಿಲ್ಲದೆ ಬ್ರೂಕ್ಲಿನ್ ಪಂದ್ಯ ಅರ್ಥವೇ ಆಗುವುದಿಲ್ಲ.

ಯಾಕೆ ಅಂತೀರಾ? ನೀವು ‘ಸಿಡಿಲಿನಂತೆ ಎರಗಿದ ಚೆಂಡುಗಳು’ ಅಂತ ಬರೆದಿದ್ದೀರಿ. ಆ ರಾತ್ರಿ ಅವರು ಎಂಟು ವಾಕ್ ಕೊಟ್ಟರು. ಕೈ ಹತೋಟಿಯಲ್ಲಿ ಇರಲಿಲ್ಲ. ಬ್ರೂಕ್ಲಿನ್ ತಂಡದ ಮೈದಾನ ಎಬೆಟ್ಸ್ ಫೀಲ್ಡ್‌ನಲ್ಲಿ ದೀಪದ ಬೆಳಕಿನಲ್ಲಿ ನಡೆದ ಮೊದಲ ಪಂದ್ಯ ಅದು. ಕೊನೆಯ ಇನಿಂಗ್ಸ್, ಮೂವರು ಔಟಾದರೆ ಮುಗಿಯಿತು. ಒಬ್ಬ ಔಟ್. ಆಮೇಲೆ ಒಂದರ ಹಿಂದೆ ಒಂದು ಮೂರು ವಾಕ್. ಮೂರು ಬೇಸೂ ಭರ್ತಿ. ಮ್ಯಾನೇಜರ್ ಬಿಲ್ ಮೆಕೆಕ್ನಿ ಮೈದಾನದ ಮಧ್ಯಕ್ಕೆ ನಡೆದು ಬಂದು ಮಾತಾಡಿ ಹೋದರು. ಮುಂದಿನವನ ಹೊಡೆತ ಮೂರನೇ ಬೇಸ್ ಕಡೆ ಉರುಳಿತು, ಅಲ್ಲಿಂದ ಚೆಂಡು ಹೋಮ್‌ಗೆ (ಓಟ ಮುಗಿಸುವ ಬೇಸ್‌ಗೆ) ಬಂತು, ಎರಡನೇ ಔಟ್. ಕೊನೆಗೆ ಬ್ರೂಕ್ಲಿನ್‌ನ ಲಿಯೋ ಡುರೋಷರ್ ಎತ್ತಿ ಹೊಡೆದ ಚೆಂಡನ್ನು ಸೆಂಟರ್ ಫೀಲ್ಡ್‌ನಲ್ಲಿ ರೆಡ್ಸ್‌ನ ಹ್ಯಾರಿ ಕ್ರಾಫ್ಟ್ ಹಿಡಿದರು. ಇಷ್ಟೇ ಬರೆದರೂ ಓದುವವರ ಅಂಗೈ ಬೆವರುತ್ತದೆ. ಸಿಡಿಲು, ಗರ್ಜನೆ, ಸುನಾಮಿ ಎಲ್ಲ ತೆಗೆಯಿರಿ. ಆ ಪದಗಳ ಅಡಿಯಲ್ಲಿ ಒಬ್ಬ ಹುಡುಗನ ಹೆದರಿಕೆ ಮುಚ್ಚಿಹೋಗಿದೆ.

ಇನ್ನೊಂದು ತಪ್ಪು ಸಣ್ಣದಲ್ಲ. ‘ಆ ಕ್ಷಣ ಅವರು ದೂರದ ಊರಿನಲ್ಲಿದ್ದ ತಾಯಿಯನ್ನು ನೆನೆದರು’ ಅಂದಿದ್ದೀರಿ. ಅವರ ತಂದೆ ತಾಯಿ ಇಬ್ಬರೂ ಅಂದು ಅದೇ ಮೈದಾನದಲ್ಲಿ ಕೂತಿದ್ದರು. ನ್ಯೂಜೆರ್ಸಿಯ ಮಿಡ್‌ಲ್ಯಾಂಡ್ ಪಾರ್ಕ್‌ನಿಂದ ಊರವರು ನೂರಾರು ಜನ ಬಂದಿದ್ದರು. ಊಹೆ ಮಾಡಿ ಬರೆದಿದ್ದಕ್ಕೆ ನಿಜವಾಗಿ ನಡೆದದ್ದು ನಿಮ್ಮ ಕೈತಪ್ಪಿತು. ದಯವಿಟ್ಟು ಸತ್ತವರ ಮನಸ್ಸಿನೊಳಗೆ ಹೀಗೆ ನುಗ್ಗಬೇಡಿ.

ಈಗ ನನಗೆ ನಿಜಕ್ಕೂ ಬೇಜಾರು ತಂದ ಸಾಲಿಗೆ ಬರುತ್ತೇನೆ. ಅದು ನಿಮ್ಮ ಕೊನೆಯ ಸಾಲು: ‘ಆಮೇಲೆ ಗೆಲುವಿಗಿಂತ ಸೋಲೇ ಜಾಸ್ತಿಯಾಗಿ, ಕೆಳಗಿನ ಲೀಗ್‌ಗಳಲ್ಲಿ ಮ್ಯಾನೇಜರ್ ಆಗಿ ಮರೆಯಾದರು.’ 119 ಗೆಲುವು, 121 ಸೋಲು, ಲೆಕ್ಕ ಸರಿಯಿದೆ. ಆದರೆ 1941ರಿಂದ 1943ರವರೆಗೆ ಸತತ ಮೂರು ವರ್ಷ ನ್ಯಾಷನಲ್ ಲೀಗ್‌ನಲ್ಲಿ (ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಅತಿ ಹೆಚ್ಚು ಸ್ಟ್ರೈಕ್‌ಔಟ್ (ಬ್ಯಾಟ್ ಹಿಡಿದವನನ್ನು ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡುವುದು) ಪಡೆದವರು ಅವರೇ. ಅದನ್ನು ಯಾಕೆ ಬಿಟ್ಟಿರಿ? 1947ರಲ್ಲಿ ಅದೇ ತಂಡದ ಪಿಚರ್ ಇವೆಲ್ ಬ್ಲ್ಯಾಕ್‌ವೆಲ್ ಸತತ ಎರಡು ನೋ-ಹಿಟರ್‌ಗಳ ದಾಖಲೆಯನ್ನು ಸರಿಗಟ್ಟುವುದಕ್ಕೆ ಇನ್ನು ಎರಡೇ ಔಟ್ ಬಾಕಿ ಇದ್ದಾಗ ಒಂದು ಹಿಟ್ (ಬೇಸ್ ತಲುಪಿಸುವ ಹೊಡೆತ) ಬಿತ್ತು. ಆಗ ವ್ಯಾಂಡರ್ ಮೀರ್ ಕೂಡ ರೆಡ್ಸ್ ತಂಡದಲ್ಲೇ ಇದ್ದರು. ಅದೂ ಇಲ್ಲ.

ಮುಖ್ಯವಾಗಿ, 1952 ಇಲ್ಲ. ಮೇಜರ್ ಲೀಗ್ ಬಾಗಿಲು ಮುಚ್ಚಿದ ಮೇಲೆ, 37ನೇ ವಯಸ್ಸಿನಲ್ಲಿ, ಕೆಳಗಿನ ಹಂತದ ಟೆಕ್ಸಾಸ್ ಲೀಗ್‌ನ ಟಲ್ಸಾ ತಂಡಕ್ಕಾಗಿ ಅವರು ಮತ್ತೊಂದು ನೋ-ಹಿಟರ್ ಎಸೆದರು. ಎದುರು ಬೋಮಾಂಟ್ ತಂಡ. ಅದರ ಮ್ಯಾನೇಜರ್ ಯಾರು ಗೊತ್ತಾ? ಹ್ಯಾರಿ ಕ್ರಾಫ್ಟ್. 14 ವರ್ಷದ ಹಿಂದೆ ಬ್ರೂಕ್ಲಿನ್‌ನಲ್ಲಿ ಆ ಕೊನೆಯ ಚೆಂಡು ಹಿಡಿದ ಅದೇ ಕ್ರಾಫ್ಟ್! ಇಂಥ ಸಂಗತಿಯನ್ನು ಕಥೆಗಾರ ಕಟ್ಟಿದರೆ ನಾವೇ ನಂಬುವುದಿಲ್ಲ.

1953ರಿಂದ ಹತ್ತು ವರ್ಷ ಅವರು ಮೈನರ್ ಲೀಗ್‌ನಲ್ಲಿ, ಅಂದರೆ ಕೆಳಗಿನ ಹಂತದ ಲೀಗ್‌ಗಳಲ್ಲಿ, ಮ್ಯಾನೇಜರ್ ಆಗಿದ್ದರು, ಬಹುಪಾಲು ರೆಡ್ಸ್‌ನ ಕಿರಿಯ ತಂಡಗಳಲ್ಲಿ. ಆ ಕೆಲಸ ಎಂಥದ್ದು ಅಂತ ವಿಚಾರಿಸಿದ್ದೀರಾ? ಸಣ್ಣ ಊರು, ಬಸ್ಸಿನಲ್ಲೇ ಓಡಾಟ, ಕಡಿಮೆ ಸಂಬಳ. ಹದಿನೆಂಟು ಇಪ್ಪತ್ತರ ಹುಡುಗರು, ಮನೆ ಬಿಟ್ಟು ಬಂದವರು. ಚೆನ್ನಾಗಿ ಆಡಿದವನನ್ನು ಮೇಲಿನ ತಂಡ ಕರೆಸಿಕೊಳ್ಳುತ್ತದೆ. ಅಂದರೆ ಮ್ಯಾನೇಜರ್ ಎಷ್ಟು ಚೆನ್ನಾಗಿ ಕಲಿಸುತ್ತಾನೋ ಅಷ್ಟು ಬೇಗ ತನ್ನ ಒಳ್ಳೆಯ ಆಟಗಾರನನ್ನು ಕಳೆದುಕೊಳ್ಳುತ್ತಾನೆ. 1961ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಅವರ ಕೈಕೆಳಗೆ ಒಬ್ಬ ಇಪ್ಪತ್ತರ ಹುಡುಗ ಆಡುತ್ತಿದ್ದ. ಆ ವರ್ಷ 30 ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರನೇ ಬೇಸ್ ತಲುಪುವುದು) ಹೊಡೆದ. ಹೆಸರು ಪೀಟ್ ರೋಸ್. ಮುಂದೆ 4,256 ಹಿಟ್ ಗಳಿಸಿ ಮೇಜರ್ ಲೀಗ್ ದಾಖಲೆ ಬರೆದವರು. ಒಂದೂ ಹಿಟ್ ಕೊಡದೆ ಹೆಸರಾದ ಮನುಷ್ಯನ ತಂಡದಲ್ಲಿ, ಎಲ್ಲರಿಗಿಂತ ಹೆಚ್ಚು ಹಿಟ್ ಹೊಡೆಯಲಿದ್ದ ಹುಡುಗ. ಇದನ್ನು ‘ಮರೆಯಾದರು’ ಅಂತ ಮುಗಿಸುವುದು ಸರಿಯಾ?

ಹಾಗಾಗಿ ನನ್ನ ಕೋರಿಕೆ ಇಷ್ಟು. ಟ್ಯಾಂಪಾದ ಮೈದಾನದಿಂದ ಶುರು ಮಾಡಿ. ಬ್ರೂಕ್ಲಿನ್‌ನ ಆ ರಾತ್ರಿ ನಡುವೆ ಬರಲಿ, ಎರಡು ಪುಟ ಸಾಕು. ಟಲ್ಸಾ ಪಂದ್ಯಕ್ಕೆ ಒಂದು ಪೂರ್ತಿ ಪುಟ ಕೊಡಿ. ಕ್ರಿಕೆಟ್ ಹೋಲಿಕೆ ಮೂರು ಕಡೆ ಬಂದಿದೆ, ಮೂರನ್ನೂ ತೆಗೆಯಿರಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ.