ಲಸಿಕೆಗೆ ದುಡ್ಡು ಕಟ್ಟುವ ಮೊದಲು ಅಪ್ಪನ ಗಡ್ಡೆಯ ಬ್ಲಾಕ್ ಎಲ್ಲಿದೆ ಅಂತ ಕೇಳಿ

ನಿಮ್ಮ ಪ್ರಶ್ನೆ ಇದು: ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಸ್ಟೇಜ್. ಆಪರೇಷನ್ ಆಗಿದೆ, ಕೀಮೋ ಈಗಷ್ಟೇ ಶುರುವಾಗಿದೆ. ಬೆಂಗಳೂರಿನ ಒಂದು ಕ್ಲಿನಿಕ್ಕಿನವರು ಅಪ್ಪನಿಗೇ ಅಂತ ಲಸಿಕೆ ಮಾಡಿಕೊಡುತ್ತೇವೆ ಎಂದು ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಸೈಟ್ ಮಾರಿ ಕೊಡಲಾ?

ಬೇಡ. ಸೈಟ್ ಮಾರಬೇಡಿ. ನಾನು ಡಾಕ್ಟರಲ್ಲ. ಇಲ್ಲೇ ಬೆಂಗಳೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ನಮ್ಮ ಕೈಗೇ ಬರುತ್ತದೆ, ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದ ಹೇಳುತ್ತೇನೆ.

ಲಸಿಕೆಯ ಸುದ್ದಿ ಸುಳ್ಳಲ್ಲ. ಗಡ್ಡೆಯ ಡಿಎನ್‌ಎ ಓದುತ್ತಾರೆ, ಅದೇ ರೋಗಿಯ ರಕ್ತದ ಡಿಎನ್‌ಎ ಕೂಡ ಓದುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗಡ್ಡೆಯಲ್ಲಿ ಮಾತ್ರ ಇರುವ ತಪ್ಪುಗಳು ಸಿಗುತ್ತವೆ. ಅವುಗಳಲ್ಲಿ ದೇಹದ ರಕ್ಷಣಾ ಕೋಶಗಳ ಕಣ್ಣಿಗೆ ಬೀಳುವಂಥವು ಯಾವು ಅಂತ ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಎಂಆರ್‌ಎನ್‌ಎ ಲಸಿಕೆಯಲ್ಲಿ ಬರೆದು ಚುಚ್ಚುತ್ತಾರೆ. ಮಾಡರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆಯಲ್ಲಿ ಇಂಥ 34 ಗುರುತುಗಳವರೆಗೆ ಇರುತ್ತವೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗಿಬರುವುದಿಲ್ಲ. ಗಡ್ಡೆ ಕೊಟ್ಟು ಲಸಿಕೆ ಕೈಗೆ ಬರಲು ಒಂದೂವರೆ ಎರಡು ತಿಂಗಳು ಬೇಕು.

ಆ ಲಸಿಕೆಯನ್ನು ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನ 157 ಜನರ ಟ್ರಯಲ್‌ನಲ್ಲಿ ನೋಡಿದರು. ಎಲ್ಲರಿಗೂ ಗಡ್ಡೆ ತೆಗೆದಾಗಿತ್ತು. ಬರೀ ಇಮ್ಯುನೊಥೆರಪಿ (ರಕ್ಷಣಾ ಕೋಶಗಳನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ) ತೆಗೆದುಕೊಂಡವರಿಗೆ ಹೋಲಿಸಿದರೆ, ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾವಿನ ಅಪಾಯ 44% ಕಡಿಮೆ ಇತ್ತು. ಇದು ದೊಡ್ಡ ವಿಷಯ. ಮೇದೋಜೀರಕದ ಕ್ಯಾನ್ಸರಿನಲ್ಲಿ ಬಯೋಎನ್‌ಟೆಕ್ ಲಸಿಕೆಯನ್ನು ನ್ಯೂಯಾರ್ಕಿನಲ್ಲಿ 16 ಜನರಿಗೆ ಕೊಟ್ಟರು. 8 ಜನರ ದೇಹ ಸ್ಪಂದಿಸಿತು, ಇನ್ನು 8 ಜನರದ್ದು ಇಲ್ಲ. ಮೂರು ವರ್ಷ ಕಳೆದ ಮೇಲೆ ಸ್ಪಂದಿಸಿದವರಲ್ಲಿ ಇಬ್ಬರಿಗೆ ಮಾತ್ರ ರೋಗ ಮರಳಿತ್ತು. ಓದಿದಾಗ ನನಗೂ ಮೈ ಜುಮ್ಮೆಂದಿತು, ಯಾಕಂದ್ರೆ ಆ ಕ್ಯಾನ್ಸರ್ ಎಷ್ಟು ಕೆಟ್ಟದ್ದು ಅಂತ ರಿಪೋರ್ಟುಗಳಲ್ಲಿ ನೋಡುತ್ತಲೇ ಇರುತ್ತೇನೆ. ಆದರೆ 16 ಜನ ಅಂದರೆ 16 ಜನ, ಅಷ್ಟೇ. ಕರುಳಿನ ಕ್ಯಾನ್ಸರಿಗೆ 2024ರಲ್ಲಿ ಇಂಗ್ಲೆಂಡಿನ ಒಬ್ಬ ರೋಗಿಗೂ ಟ್ರಯಲ್‌ನಲ್ಲೇ ಕೊಟ್ಟಿದ್ದು, ಮಾರಾಟಕ್ಕಲ್ಲ. ಈ ಎಂಆರ್‌ಎನ್‌ಎ ಲಸಿಕೆಗಳು ನಮ್ಮ ದೇಶದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಹಾಗೆ ಇನ್ನೂ ಬಂದಿಲ್ಲ.

ಹಾಗಾದರೆ ಆ ಕ್ಲಿನಿಕ್ ಏನು ಕೊಡುತ್ತಿದೆ? ಅದನ್ನು ಅವರಿಂದಲೇ ಬರೆಸಿಕೊಳ್ಳಿ. ಔಷಧದ ಹೆಸರೇನು, ಕರುಳಿನ ಕ್ಯಾನ್ಸರಿಗೆ ಅನುಮತಿ ಇದೆಯಾ, ಟ್ರಯಲ್ ಅನ್ನುವುದಾದರೆ ಸಿಟಿಆರ್‌ಐ ನಂಬರ್ ಯಾವುದು. 2009ರಿಂದ ನಮ್ಮಲ್ಲಿ ಟ್ರಯಲ್‌ಗಳನ್ನು ಆ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸಲೇಬೇಕು, ಯಾರು ಬೇಕಾದರೂ ತೆರೆದು ನೋಡಬಹುದು. ಪ್ರಯೋಗದ ಔಷಧಕ್ಕೆ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ರಕ್ತ ತೆಗೆದು ಡೆಂಡ್ರೈಟಿಕ್ ಅನ್ನುವ ರಕ್ಷಣಾ ಕೋಶ ಬೆಳೆಸಿ ಕೊಡುವುದು ಬೇರೆ ಚಿಕಿತ್ಸೆ. ರೋಗಿಯ ರಕ್ಷಣಾ ಕೋಶಗಳನ್ನೇ ಲ್ಯಾಬಿನಲ್ಲಿ ಬದಲಿಸಿ ಮರಳಿ ಕೊಡುವ ಕಾರ್-ಟಿ ಕೂಡ ಬೇರೆಯೇ, ಅದು ಬೆಂಗಳೂರಿನಲ್ಲಿ ಸಿಗುತ್ತದೆ, ಆದರೆ ಕೆಲವು ರಕ್ತದ ಕ್ಯಾನ್ಸರುಗಳಿಗೆ. ಮೇಲಿನ 44% ತೋರಿಸಿ ಇವನ್ನು ಮಾರಲು ಬಂದರೆ ನಂಬಬೇಡಿ.

ಈಗ ನೀವು ಮಾಡಬಹುದಾದ ಕೆಲಸ ಹೇಳುತ್ತೇನೆ, ಇದೇ ನನಗೆ ಮುಖ್ಯ. ಅಪ್ಪನ ಗಡ್ಡೆಯ ತುಂಡುಗಳು ಮೇಣದಲ್ಲಿ ಕೂತಿವೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಕ್ಯಾಸೆಟ್, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಕಂದು ಬಣ್ಣದ ತುಂಡು, ಅಂಚಿನಲ್ಲಿ ನಂಬರ್. ಇದಕ್ಕೆ ಬ್ಲಾಕ್ ಅನ್ನುತ್ತೇವೆ. ಇದರಿಂದ ಕೂದಲಿಗಿಂತ ತೆಳ್ಳಗೆ ಪದರ ಕತ್ತರಿಸಿ, ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು ಸ್ಲೈಡಿಗೆ ಎತ್ತುತ್ತೇವೆ. ಮುಂದೆ ಯಾವ ಟೆಸ್ಟ್ ಮಾಡಿಸಬೇಕಾದರೂ ಮೊದಲು ಕೇಳುವುದು ಇದನ್ನೇ. ಎಷ್ಟೋ ಮನೆಯವರು ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳುತ್ತಾರೆ, ಬ್ಲಾಕ್ ಒಂದಿದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಿಗೆ ಹೋಗಿ ಬ್ಲಾಕ್ ನಂಬರ್ ಬರೆದುಕೊಳ್ಳಿ. ಮನೆಗೆ ತಂದರೆ ಬಿಸಿಲಲ್ಲಿ, ಕಾರಿನಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ಆಮೇಲೆ ರಿಪೋರ್ಟಿನಲ್ಲಿ ಎಂಎಂಆರ್ ಅಥವಾ ಎಂಎಸ್‌ಐ ಅಂತ ಇದೆಯಾ ನೋಡಿ. ಎಂಎಲ್‌ಎಚ್‌1, ಪಿಎಂಎಸ್‌2, ಎಂಎಸ್‌ಎಚ್‌2, ಎಂಎಸ್‌ಎಚ್‌6 ಅನ್ನುವ ನಾಲ್ಕು ಪ್ರೋಟೀನ್, ಅಂದರೆ ಡಿಎನ್‌ಎಯ ತಪ್ಪು ತಿದ್ದುವ ಪ್ರೋಟೀನ್‌ಗಳು, ಗಡ್ಡೆಯಲ್ಲಿ ಇವೆಯಾ ಅಂತ ನೋಡುವ ಟೆಸ್ಟ್ ಎಂಎಂಆರ್. ಅದೇ ತೊಂದರೆಯನ್ನು ಡಿಎನ್‌ಎಯಲ್ಲಿ ನೋಡುವುದು ಎಂಎಸ್‌ಐ. ಬ್ಲಾಕ್ ಇದ್ದರೆ ಸಾಕು, ಕ್ಲಿನಿಕ್ ಕೇಳುವ ದುಡ್ಡಿನ ಮುಂದೆ ಅದರ ಖರ್ಚು ಏನೂ ಅಲ್ಲ. ಯಾವುದಾದರೂ ಪ್ರೋಟೀನ್ ಕಾಣೆಯಾಗಿದ್ದರೆ ಆ ಗಡ್ಡೆಯಲ್ಲಿ ತಪ್ಪುಗಳು ಜಾಸ್ತಿ, ಹಾಗಾಗಿ ರಕ್ಷಣಾ ಕೋಶಗಳಿಗೆ ಅದು ಬೇಗ ಕಾಣುತ್ತದೆ. ಈಗಾಗಲೇ ಸಿಗುತ್ತಿರುವ ಇಮ್ಯುನೊಥೆರಪಿಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಲು ಆಗ ನಿಜವಾದ ಕಾರಣ ಇರುತ್ತದೆ. ಕೆಲವರಲ್ಲಿ ಇದು ವಂಶದಲ್ಲೇ ಬಂದಿರುತ್ತದೆ, ಹಾಗಿದ್ದರೆ ನೀವೂ ನಿಮ್ಮ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.

ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬ್ಲಾಕ್, ಸ್ಲೈಡ್, ಡಿಸ್ಚಾರ್ಜ್ ಸಮ್ಮರಿ ಮೂರನ್ನೂ ಹಿಡಿದು ಹೋಗಿ. ಅಲ್ಲಿವರೆಗೆ ಯಾರು ಏನೇ ಹೇಳಿದರೂ ಕೀಮೋ ಮಾತ್ರ ತಪ್ಪಿಸಬೇಡಿ. ಮುಂದಿನ ಕೀಮೋಗೆ ಹೋಗುವ ದಿನವೇ ಲ್ಯಾಬಿನ ಕೌಂಟರಿನಲ್ಲಿ ಬ್ಲಾಕ್ ವಿಚಾರಿಸಿ, ಒಂದೇ ಓಡಾಟದಲ್ಲಿ ಆಗುತ್ತದೆ.