ಸಾಮ್ ಬೊ ಲುವಾಂಗ್ ಮಾಡಿದಾಗ ತಾವರೆ ಬೀಜ ಗಟ್ಟಿಯಾಗೇ ಉಳಿಯುತ್ತದೆ, ಪಾಕವೂ ಮಂಕಾಗುತ್ತದೆ. ಏಕೆ?

ಈ ವಿಯೆಟ್ನಾಂ ತಂಪು ಸಿಹಿಗೆ ಕಲ್ಲುಸಕ್ಕರೆ ಮೊದಲೇ ಬಿದ್ದರೆ ತಾವರೆ ಬೀಜ ಆಮೇಲೆ ಎಷ್ಟು ಕುದಿಸಿದರೂ ಸರಿಯಾಗಿ ಮೆತ್ತಗಾಗುವುದಿಲ್ಲ. ಮಂಕು ಬರುವುದು ಬಾರ್ಲಿಯ ಗಂಜಿಯಿಂದ.

ನಾಲ್ವರಿಗೆ ಒಣ ತಾವರೆ ಬೀಜ 50 ಗ್ರಾಂ, ಬಾರ್ಲಿ 50 ಗ್ರಾಂ ಬೇರೆ ಬೇರೆಯಾಗಿ 3–4 ಗಂಟೆ ನೆನೆಸಿ. ಬೀಜ ಬಿಡಿಸಿ ನೋಡಿ: ನಡುವೆ ಹಸಿರು ಮೊಳಕೆ ಇದ್ದರೆ ಕಿತ್ತುಹಾಕಿ, ಅದು ಕಹಿ. ನಮ್ಮ ಅಂಗಡಿಗಳಲ್ಲಿ ತಾವರೆ ಬೀಜವೆಂದು ಕೊಡುವ ಅರಳಿದ ಮಖಾನ ಬೇರೆ ಗಿಡದ್ದು, ಇದಕ್ಕೆ ಆಗದು. ಬಾರ್ಲಿಯನ್ನು ಪ್ರತ್ಯೇಕ ಬೇಯಿಸಿ, ಬಸಿದು, ತಣ್ಣೀರಲ್ಲಿ ತೊಳೆದಿಡಿ.

ಒಂದೂಕಾಲು ಲೀಟರ್ ನೀರಲ್ಲಿ ಬೀಜವನ್ನು ಸಣ್ಣ ಉರಿಯಲ್ಲಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಹಿಸುಕಿಹೋಗಬೇಕು. ಸುಮಾರು 40 ನಿಮಿಷ. ಆಗ 10 ಒಣ ಕೆಂಪು ಎಲಚಿ ಹಣ್ಣು. 15 ನಿಮಿಷ ಬಿಟ್ಟು 150 ಗ್ರಾಂ ಕಲ್ಲುಸಕ್ಕರೆ, 30 ಗ್ರಾಂ ಒಣ ಲಾಂಗನ್ (ಲಿಚಿಯಂಥ ಹಣ್ಣು). ಲಾಂಗನ್‌ಗೆ 5 ನಿಮಿಷ ಸಾಕು, ಹೆಚ್ಚು ಬೆಂದರೆ ರುಚಿಯೆಲ್ಲ ನೀರಿಗೆ ಹೋಗಿ ಹಣ್ಣು ಸಪ್ಪೆ. ಕಡಲಪಾಚಿಯ ಎಳೆಗಳನ್ನು ನೆನೆಸಿ, ಚೆನ್ನಾಗಿ ತೊಳೆದು, ಬಿಸಿನೀರಲ್ಲಿ ಒಮ್ಮೆ ಅದ್ದಿ ತೆಗೆದು, ಬಡಿಸುವಾಗಲೇ ಬಾರ್ಲಿಯ ಜೊತೆ ಹಾಕಿ. ಪಾಕದಲ್ಲೇ ಕುದಿಸಿದರೆ ಲೋಳೆಯಾಗಿ ಎಲ್ಲಕ್ಕೂ ಸಮುದ್ರದ ವಾಸನೆ ಹತ್ತುತ್ತದೆ. ಮೇಲೆ ಪುಡಿ ಐಸ್ ಬೀಳುತ್ತದೆ, ಹಾಗಾಗಿ ಪಾಕ ತುಸು ಹೆಚ್ಚೇ ಸಿಹಿ ಇರಲಿ.