‘ಗುಳಿಗಿ ಏನೂ ಇಲ್ರಿ, ಬರೇ ಹಚ್ಚೋದು’

ಇವರನ್ನು ಶಾಂತಕ್ಕ ಎಂದು ಕರೆಯುತ್ತೇನೆ. ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ, ಬರೆದದ್ದನ್ನು ಅವರಿಗೆ ಓದಿ ತೋರಿಸಿಯೂ ಆಗಿದೆ. ವಯಸ್ಸು 48. ಧಾರವಾಡದ ಕಡೆಯ ಒಕ್ಕಲುಮನೆಯಲ್ಲಿ ಹುಟ್ಟಿದವರು, ಮದುವೆಯಾಗಿ ಮುಂಬಯಿಗೆ ಬಂದು ಇಪ್ಪತ್ತೈದು ವರ್ಷ. ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಲೆಕ್ಕಪತ್ರದ ಕೆಲಸ. ಶನಿವಾರ ಮಧ್ಯಾಹ್ನ ಕುರ್ಲಾದಲ್ಲಿ ಇಳಿದು, ಹಾರ್ಬರ್ ಗಾಡಿ ಹಿಡಿದು ಚೆಂಬೂರಿನ ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತಿದ್ದರು. ಹತ್ತಿರದಲ್ಲೇ ಆಪ್ತಸಲಹೆಗಾರರು ಇದ್ದಾರಲ್ಲ, ಇಷ್ಟು ದೂರ ಯಾಕೆ ಎಂದು ಕೇಳಿದ್ದೆ. “ಮರಾಠಿ ಛಲೋ ಬರತೈತ್ರಿ ಅಕ್ಕಾರ. ಆದ್ರ ಅಳು ಮರಾಠಿಯಾಗ ಬರೂದಿಲ್ರಿ” ಎಂದರು.

ಅವರು ಬಂದದ್ದು ಸಿಟ್ಟಿನ ಕಾರಣಕ್ಕೆ. ಹನ್ನೆರಡನೇ ತರಗತಿಯ ಮಗನ ಮೇಲೆ ಕೈ ಎತ್ತಿದ್ದರು, ಆಮೇಲೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದರು. ಕೆಲಸದಲ್ಲಿ ಕೂಡಿಸಿದ ಲೆಕ್ಕ ಎರಡು ಸಲ ತಪ್ಪಿತ್ತು. ಅದಕ್ಕೂ ಮುಂಚೆ ಒಂದು ವರ್ಷ ನಿದ್ದೆಯೇ ಇಲ್ಲ. ರಾತ್ರಿ ಎರಡಕ್ಕೆ ಮೈಯೆಲ್ಲ ಝಳ ಹೊಡೆದು, ಬೆವರಿ, ಕುಬಸ ಬದಲಿಸಿ ಬಾಲ್ಕನಿಯಲ್ಲಿ ನಿಲ್ಲುವುದು. ಮುಟ್ಟು ನಿಂತು ಹದಿನಾಲ್ಕು ತಿಂಗಳಾಗಿತ್ತು. ಝಳ ಈಗ ಕಡಿಮೆ, ನಿದ್ದೆಯೂ ಸ್ವಲ್ಪ ಬರುತ್ತದೆ, ಆದರೆ ಮನಸ್ಸು ನೆಟ್ಟಗಿಲ್ಲ ಎಂದರು.

ಝಳ ಯಾಕೆ ಕಡಿಮೆಯಾಯಿತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. “ಏನಾದರೂ ಮಾತ್ರೆ ತಗೊಳ್ತಾ ಇದ್ದೀರಾ?” ಎಂದಷ್ಟೇ ಕೇಳಿದೆ. “ಗುಳಿಗಿ ಏನೂ ಇಲ್ರಿ” ಎಂದರು. ‘ಔಷಧ: ಇಲ್ಲ’ ಎಂದು ಬರೆದುಕೊಂಡೆ. ಆ ಪುಟ ಈಗಲೂ ನನ್ನ ಪುಸ್ತಕದಲ್ಲಿದೆ. ಅಂದಿನಿಂದ ಪ್ರತಿಯೊಬ್ಬರಿಗೂ ನುಂಗುವುದು, ಹಚ್ಚುವುದು, ಅಂಟಿಸುವುದು, ಒಳಗೆ ಇಡುವುದು, ಚುಚ್ಚಿಸಿಕೊಳ್ಳುವುದು ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಕೇಳುತ್ತೇನೆ.

ಮೂರನೇ ಭೇಟಿ ಮುಗಿಸಿ ಎದ್ದವರು ಬಾಗಿಲ ಬಳಿ ನಿಂತು, ಒಂದು ಸಂತೋಷದ ಸಂಗತಿ ಎಂಬಂತೆ ಹೇಳಿದರು: “ಅಕ್ಕಾರ, ನಾ ಮತ್ತ ಹೊರಗ ಆಗಾಕ ಹತ್ತೀನ್ರಿ. ಎರಡು ತಿಂಗಳಾತು. ಆ ಜೆಲ್ ಭಾಳ ಛಲೋ ಐತ್ರಿ.”

ಯಾವ ಜೆಲ್? ಮತ್ತೆ ಕೂರಿಸಿದೆ.

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಅವರದೊಂದು ಗುಂಪಿದೆ. ಹದಿನೈದು ವರ್ಷದ ಒಡನಾಟ. ಅಲ್ಲೇ ಅರಿಸಿನ ಕುಂಕುಮ, ಅಲ್ಲೇ ಹುಟ್ಟುಹಬ್ಬ, ಸಂಜೆ ವಾಪಸು ಬರುವಾಗ ಮಡಿಲಲ್ಲಿ ಬಟಾಣಿ ಸುಲಿಯುವುದು. ಒಮ್ಮೆ ಜನರ ನಡುವೆ ಸಿಕ್ಕಿ ಝಳ ಹೊಡೆದು ಶಾಂತಕ್ಕ ಕುಸಿದಾಗ ಎಬ್ಬಿಸಿ ಕೂರಿಸಿದವರು ಅವರೇ. ಆ ಗುಂಪಿನ ಒಬ್ಬ ಮರಾಠಿ ಗೆಳತಿ ತನಗೂ ಹೀಗೇ ಆಗುತ್ತಿತ್ತು, ಡಾಕ್ಟರು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಜೆಲ್ ಕೊಟ್ಟ ಮೇಲೆ ರಾತ್ರಿಯೆಲ್ಲ ನಿದ್ದೆ ಎಂದು ಹೇಳಿ, ಚೀಟಿಯ ಫೋಟೋ ಕಳಿಸಿದರು. ಸ್ಟೇಷನ್ ಹತ್ತಿರದ ಮೆಡಿಕಲ್‌ನಲ್ಲಿ ಫೋಟೋ ತೋರಿಸಿದರೆ ಸಾಕಾಯಿತು. ಹೀಗೆ ಏಳು ತಿಂಗಳು. ನಿದ್ದೆ ಕೆಟ್ಟ ರಾತ್ರಿಗಳಲ್ಲಿ ಅಳತೆ ಬಿಟ್ಟು ಕೈ ಅಂದಾಜಿನಲ್ಲಿ ಇನ್ನಷ್ಟು. “ಗುಳಿಗಿ ಅಲ್ಲಲ್ರಿ, ಬರೇ ಹಚ್ಚೋದು. ಹೊಟ್ಟಿಗೆ ಹೋಗೂದಿಲ್ಲ.”

ನಾನು ಕೇಳಿದ ಪ್ರಶ್ನೆ ಒಂದೇ: ಆ ಗೆಳತಿಗೆ ಗರ್ಭಚೀಲ ಇದೆಯೇ?

“ಇಲ್ರಿ. ಗಡ್ಡಿ ಆಗಿದ್ವು ಅಂತ ಐದು ವರ್ಷದ ಹಿಂದ ತಗಸ್ಯಾಳ.”

ನಿಮಗೆ?

ಅವರು ಉತ್ತರಿಸಲಿಲ್ಲ, ಕೈ ಹೊಟ್ಟೆಯ ಮೇಲೆ ಹೋಯಿತು.

ನಾನು ವೈದ್ಯೆಯಲ್ಲ. ಆದರೆ ಈ ಒಂದು ವಿಷಯ ನನ್ನ ಕೆಲಸದಲ್ಲಿರುವ ಎಲ್ಲರಿಗೂ ತಿಳಿದಿರಲೇಬೇಕು. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಆ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವುದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು. ಗರ್ಭಕೋಶ ತೆಗೆಸಿದವರಿಗೆ ಈಸ್ಟ್ರೋಜನ್ ಒಂದೇ ಸಾಕು, ಬೆಳೆಯಲು ಅಲ್ಲಿ ಪದರವೇ ಇಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತಿಂಗಳುಗಟ್ಟಲೆ ತೆಗೆದುಕೊಂಡರೆ ಒಳಪದರ ದಪ್ಪವಾಗುತ್ತ ಹೋಗಿ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲೇ ಇದು ಗೊತ್ತಾಗಿ, ಅಲ್ಲಿಂದ ಮುಂದೆ ಗರ್ಭಕೋಶ ಇರುವವರಿಗೆ ಎರಡನ್ನೂ ಜೊತೆಯಾಗಿ ಕೊಡುವುದು ರೂಢಿಯಾಯಿತು. ಚರ್ಮಕ್ಕೆ ಹಚ್ಚಿದರೂ ಔಷಧ ರಕ್ತಕ್ಕೆ ಸೇರುತ್ತದೆ. ಸೇರದಿದ್ದರೆ ಝಳ ನಿಲ್ಲುತ್ತಲೇ ಇರಲಿಲ್ಲ. ಶಾಂತಕ್ಕನಿಗೆ ಹೊಲದ ಮಾತಿನಲ್ಲಿ ಹೇಳಿದೆ: ನೀರು ಬಿಟ್ಟುಕೊಂಡೇ ಇದ್ದೀರಿ, ಕಟಾವು ಮಾಡುವವರು ಯಾರೂ ಇಲ್ಲ. ತಟ್ಟನೆ ಅರ್ಥವಾಯಿತು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಕಾಣುವ ರಕ್ತವನ್ನು ಮುಟ್ಟು ಎಂದು ಕರೆಯಬಾರದು. ಒಂದು ಚುಕ್ಕೆಯಾದರೂ ತೋರಿಸಬೇಕು. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ, ಆದರೆ ಅದು ಸಣ್ಣದು ಎಂದು ಪರೀಕ್ಷೆ ಮಾಡಿದವರು ಹೇಳಬೇಕು. ನನಗೆ ಪರಿಚಯದ ಸ್ತ್ರೀರೋಗ ತಜ್ಞೆಗೆ ಅಲ್ಲಿಂದಲೇ ಫೋನು ಮಾಡಿದೆ. ಇವತ್ತಿನಿಂದ ಜೆಲ್ ನಿಲ್ಲಿಸಿ, ಸೋಮವಾರ ಬರಲಿ ಎಂದರು.

ಸೋನೋಗ್ರಫಿಯಲ್ಲಿ ಒಳಪದರ 11 ಮಿಲಿಮೀಟರ್ ಇತ್ತು. ಮುಟ್ಟು ನಿಂತವರಲ್ಲಿ ರಕ್ತ ಕಂಡಾಗ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ವೈದ್ಯರು ಸಾಮಾನ್ಯವಾಗಿ ತುಣುಕು ತೆಗೆದು ನೋಡುತ್ತಾರೆ. ಬಯಾಪ್ಸಿಯ ಉತ್ತರ ಬರುವವರೆಗಿನ ಒಂದು ವಾರ ಶಾಂತಕ್ಕ ದಿನಾ ರಾತ್ರಿ ನನಗೆ ಫೋನು ಮಾಡಿದರು, ಮಾತಾಡಲಿಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತಿದ್ದರು. ಉತ್ತರ ಬಂತು: ಪದರ ಅತಿಯಾಗಿ ಬೆಳೆದಿದೆ, ಆದರೆ ಜೀವಕೋಶಗಳು ವಿಕಾರಗೊಂಡಿಲ್ಲ. ಕ್ಯಾನ್ಸರ್ ಅಲ್ಲ. ವೈದ್ಯೆ ಗರ್ಭಕೋಶದೊಳಗೆ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನು ಬಿಡುವ, ಕಾಪರ್-ಟಿ ಆಕಾರದ ಸಾಧನ ಇಟ್ಟರು. ಆರು ತಿಂಗಳಿಗೆ ಮತ್ತೆ ಬಯಾಪ್ಸಿ ಎಂದರು.

ಇದಾದ ಮೇಲೆ ನನ್ನ ಕೆಲಸ ತಿರುವುಮುರುವಾಯಿತು. ಅಲ್ಲಿಯವರೆಗೆ ಹೆದರಿಕೆ ಇಲ್ಲದಿದ್ದದ್ದು ತೊಂದರೆ, ಈಗ ಹೆದರಿಕೆಯೇ ತೊಂದರೆ. ಮನೆಯವರು ಬಂದು ಕೂತರು. “ಹಾರ್ಮೋನ್ ಅಂದ್ರ ಕ್ಯಾನ್ಸರ್ ಅಂತ ಎಲ್ಲಾರೂ ಅಂತಾರ್ರಿ ಮೇಡಮ್. ಇನ್ನ ಜನ್ಮದಾಗ ಬ್ಯಾಡ.” ಆ ಮಾತು ಎಲ್ಲಿಂದ ಬಂತು ಎಂದು ಅವರಿಬ್ಬರಿಗೂ ಬಿಡಿಸಿ ಹೇಳಿದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಅಧ್ಯಯನದಲ್ಲಿ ಈ ಎರಡೂ ಹಾರ್ಮೋನನ್ನು ಜೊತೆಯಾಗಿ ಕೊಡುತ್ತಿದ್ದ ಭಾಗವನ್ನು 2002ರ ಜುಲೈನಲ್ಲಿ ನಡುವೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರಲ್ಲಿ ಔಷಧವಿಲ್ಲದೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಎರಡು ಹಾರ್ಮೋನು ತೆಗೆದುಕೊಂಡವರಲ್ಲಿ 38 ಮಂದಿಗೆ ಬಂತು. ಆ ಎಂಟು ಹೆಚ್ಚುವರಿ ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಅವರು ನುಂಗುತ್ತಿದ್ದದ್ದು ಹಳೆಯ ಬಗೆಯ ಮಾತ್ರೆ. ಅದೇ ಅಧ್ಯಯನದಲ್ಲಿ, ಗರ್ಭಕೋಶ ಇಲ್ಲದೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಈಗ ವೈದ್ಯರು ನೋಡುವುದು ಬೇರೆ ಲೆಕ್ಕ: ವಯಸ್ಸು ಅರವತ್ತರ ಒಳಗಿದ್ದು, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ, ಬೇರೆ ಅಡ್ಡಿ ಇಲ್ಲದವರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಹೆಚ್ಚು. ಮೂಳೆ ಸವೆತಕ್ಕೂ ತಡೆಯಾಗುತ್ತದೆ.

ಮನೆಯವರು ಒಳ್ಳೆಯವರು, ಕೇಳಿಸಿಕೊಂಡರು. ನಂಬಿದರು ಎಂದು ಹೇಳಲಾರೆ. ಬಯಾಪ್ಸಿ ಸರಿಹೋಗುವ ತನಕ ತೀರ್ಮಾನ ಬೇಡ, ಆಮೇಲೂ ಅದು ಶಾಂತಕ್ಕನದೇ ಎಂದು ಅಲ್ಲಿಗೆ ನಿಲ್ಲಿಸಿದೆ.

ಆ ಆರು ತಿಂಗಳು ಝಳ ಮರಳಿ ಬಂತು, ಮುಂಚಿಗಿಂತ ಜೋರಾಗಿ. ಹಾರ್ಮೋನು ಅಲ್ಲದ ಔಷಧಗಳೂ ಇವೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಸಣ್ಣ ಪ್ರಮಾಣದಲ್ಲಿ ಝಳವನ್ನು ತಗ್ಗಿಸುತ್ತವೆ ಎಂದು ವೈದ್ಯೆ ಹೇಳಿದರು, ಶಾಂತಕ್ಕ ಬೇಡವೆಂದರು. ಹಾಗಾಗಿ ನಾವಿಬ್ಬರೂ ಕೂತು ಮಾಡಬಹುದಾದದ್ದನ್ನು ಮಾಡಿದೆವು. ಈಸ್ಟ್ರೋಜನ್ ಇಳಿದಾಗ ಮಿದುಳಿನ ಶಾಖ ಅಳೆಯುವ ಜಾಗ ಸೂಕ್ಷ್ಮವಾಗಿ, ಸ್ವಲ್ಪ ಬಿಸಿಯಾದರೂ ಮೈ ಬೆವರಿಳಿಸಿ ತಣ್ಣಗಾಗಲು ನೋಡುತ್ತದೆ. ಅದರ ಮೇಲೆ ‘ಎಲ್ಲಾರೂ ನನ್ನನ್ನೇ ನೋಡಾಕ ಹತ್ತ್ಯಾರ’ ಎಂಬ ಯೋಚನೆ ಬಂದರೆ ಎದೆಬಡಿತ ಏರಿ ಝಳ ಇನ್ನೂ ಉದ್ದವಾಗುತ್ತದೆ. ಆ ಯೋಚನೆಯನ್ನು ಹಿಡಿಯುವುದೇ ನಮ್ಮ ಅಭ್ಯಾಸವಾಯಿತು. ಡಬ್ಬಿಯಲ್ಲಿ ಝಳ ಬಂದಾಗ ನಿಮ್ಮನ್ನು ನಿಜವಾಗಿ ಎಷ್ಟು ಜನ ನೋಡಿದರು, ಎಣಿಸಿ ಬನ್ನಿ ಎಂದೆ. ಮುಂದಿನ ವಾರ ಬಂದು, “ಒಬ್ಬಾಕಿ ನೋಡಿದ್ಳ್ರಿ, ಅಕೀನೂ ಬೆವತಿದ್ಳು” ಎಂದರು. ಮೂಗಿನಿಂದ ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡುವ ಉಸಿರು. ಚೀಲದಲ್ಲಿ ಒಂದು ಬೀಸಣಿಗೆ, ತಣ್ಣೀರು. ಸಂಜೆಯ ಎರಡನೇ ಚಹಾ ಬಿಡುವುದು. ಝಳ ಹೋಗಲಿಲ್ಲ. ಅದರ ಮೇಲಿನ ಹೆದರಿಕೆ ಹೋಯಿತು, ಮಗನ ಜೊತೆಗಿನ ಜಗಳ ಅದರ ಜೊತೆಗೇ ಅರ್ಧಕ್ಕಿಳಿಯಿತು.

ಎರಡನೇ ಬಯಾಪ್ಸಿ ಸರಿಯಾಗಿ ಬಂತು. ಸಾಧನ ಒಳಗಿರುವುದರಿಂದ ಪದರಕ್ಕೆ ಕಾವಲು ಇದೆ, ಬೇಕಿದ್ದರೆ ಜೆಲ್ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಬಹುದು ಎಂದರು ವೈದ್ಯೆ. ಮುಂಚೆ ಅವರು ಕೇಳಿದ್ದನ್ನು ಇಲ್ಲಿ ಬರೆಯುವುದು ಮುಖ್ಯ, ಏಕೆಂದರೆ ಫೋಟೋದಲ್ಲಿದ್ದ ಚೀಟಿ ಇವನ್ನು ಕೇಳಿರಲಿಲ್ಲ. ನಿಮಗೆ ಸ್ತನ ಕ್ಯಾನ್ಸರ್ ಆಗಿದೆಯೇ, ತಾಯಿ ಅಕ್ಕತಂಗಿಯರಿಗೆ? ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತೇ? ಹೃದಯಾಘಾತ, ಪಾರ್ಶ್ವವಾಯು? ಪಿತ್ತಜನಕಾಂಗದ ಕಾಯಿಲೆ? ಬಿ.ಪಿ. ಎಷ್ಟು? ಸ್ತನದ ಪರೀಕ್ಷೆ, ಮ್ಯಾಮೋಗ್ರಫಿ ಆಯಿತು. ಮಾತ್ರೆಗಿಂತ ಜೆಲ್ ಆರಿಸಿದ್ದಕ್ಕೂ ಕಾರಣ ಹೇಳಿದರು: ನುಂಗಿದ ಈಸ್ಟ್ರೋಜನ್ ಮೊದಲು ಪಿತ್ತಜನಕಾಂಗಕ್ಕೆ ಹೋಗಿ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ, ಚರ್ಮದಿಂದ ಹೋದದ್ದರಲ್ಲಿ ಆ ಅಪಾಯ ಕಡಿಮೆ. ಶಾಂತಕ್ಕನದು ಸ್ವಲ್ಪ ಭಾರದ ಮೈ, ಅವರಿಗೆ ಇದು ಲೆಕ್ಕಕ್ಕೆ ಬರುವ ಮಾತು.

ಹಚ್ಚುವ ರೀತಿಯನ್ನು ನನ್ನ ಕೋಣೆಯಲ್ಲೇ ಕುಳಿತು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದುಕೊಂಡೆವು. ಅಳತೆ ಮೀರಬಾರದು, ಒಂದು ದಿನ ಮರೆತರೆ ಮರುದಿನ ಎರಡು ಪಾಲು ಹಚ್ಚಬಾರದು. ತೋಳಿಗೆ ಅಥವಾ ತೊಡೆಗೆ, ಸ್ನಾನವಾಗಿ ಒಣಗಿದ ಚರ್ಮಕ್ಕೆ. ಎದೆಗೆ ಎಂದೂ ಅಲ್ಲ. ಹಚ್ಚಿದ ಕೈಯನ್ನು ಸೋಪಿನಿಂದ ತೊಳೆದ ಮೇಲೇ ಚಪಾತಿ ಹಿಟ್ಟಿಗೆ ಕೈ ಹಾಕುವುದು. ಒಣಗುವ ತನಕ ಸೀರೆ ಸೆರಗು ತಾಗಬಾರದು, ಒಲೆಯ ಹತ್ತಿರ ಹೋಗಬಾರದು, ಅದರಲ್ಲಿ ಬೆಂಕಿ ಹಿಡಿಯುವ ಆಲ್ಕೋಹಾಲ್ ಇರುತ್ತದೆ. ನಾದಿನಿಯ ಎರಡು ವರ್ಷದ ಕೂಸನ್ನು ಎತ್ತಿಕೊಳ್ಳುವಾಗ ಹಚ್ಚಿದ ಜಾಗ ಮುಚ್ಚಿರಲೇಬೇಕು, ಔಷಧ ಮಗುವಿನ ಚರ್ಮಕ್ಕೂ ಹತ್ತುತ್ತದೆ. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಾದರು. ಏಳು ತಿಂಗಳು ಅದೇ ತೋಳಿನಲ್ಲಿ ಮಲಗಿಸಿಕೊಂಡಿದ್ದರಂತೆ. ವೈದ್ಯೆ ಆ ಮಗುವನ್ನೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದರು, ಏನೂ ತೊಂದರೆ ಇರಲಿಲ್ಲ.

ಚೀಟಿಯ ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಸಿದ್ದು: ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಉಸಿರು ಸಿಗದಿದ್ದರೆ, ಎದೆ ನೋವು, ಒಮ್ಮೆಲೇ ಬಂದ ಭಾರೀ ತಲೆನೋವು, ಮಾತು ತೊದಲಿದರೆ, ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆ, ಶನಿವಾರದ ತನಕ ಕಾಯುವುದಲ್ಲ. ಶುರು ಮಾಡಿದ ಮೊದಲ ಮೂರು ತಿಂಗಳು ಅಲ್ಪಸ್ವಲ್ಪ ರಕ್ತ ಕಂಡರೆ ತಿಳಿಸುವುದು. ಆಮೇಲೂ ಮುಂದುವರಿದರೆ, ಅಥವಾ ನಿಂತು ಮತ್ತೆ ಶುರುವಾದರೆ ಕೂಡಲೇ ತೋರಿಸುವುದು. ಸ್ತನದಲ್ಲಿ ಗಂಟು ಕೈಗೆ ಸಿಕ್ಕರೂ ಹಾಗೆಯೇ. ವರ್ಷಕ್ಕೊಮ್ಮೆ ಬೇಕೋ ಬೇಡವೋ ಎಂದು ಮತ್ತೆ ಕೂತು ನೋಡುವುದು.

ಒಂದು ಮಾತು ಅವರಿಗೆ ಕೊನೆಯ ಭೇಟಿಗಳಲ್ಲಷ್ಟೇ ಬಾಯಿಗೆ ಬಂತು. ಗಂಡನ ಜೊತೆ ಸೇರುವಾಗ ಒಣಗಿ ಉರಿ, ನೋವು. ಎರಡು ವರ್ಷದಿಂದ ಗೋಡೆ ಕಡೆ ತಿರುಗಿ ಮಲಗುವುದು, ಅವರು ಅದನ್ನು ಸಿಟ್ಟು ಎಂದುಕೊಂಡಿದ್ದಾರೆ. ಜೆಲ್ ಹಚ್ಚಿದರೂ ಅದು ಪೂರ್ತಿ ಹೋಗಿರಲಿಲ್ಲ. ಇದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬೇರೆಯೇ ಇದೆ, ಪ್ರಮಾಣ ಬಹಳ ಸಣ್ಣದು. ಸಾಮಾನ್ಯವಾಗಿ ಮೊದಲು ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ಅತ್ಯಲ್ಪ. ಪದೇ ಪದೇ ಬರುತ್ತಿದ್ದ ಉರಿಮೂತ್ರವೂ ಅದರಿಂದ ಕಡಿಮೆಯಾಗಬಹುದು ಎಂದು ವೈದ್ಯೆ ಬರೆದುಕೊಟ್ಟರು. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬಹಳ ಸಲ ಎಲ್ಲ ಈಸ್ಟ್ರೋಜನ್‌ಗೂ ಒಂದೇ ಎಚ್ಚರಿಕೆ ಅಚ್ಚು ಹಾಕಿರುತ್ತಾರೆ. ಅದನ್ನು ಓದಿ ಹೆದರಿ ಕ್ರೀಮ್ ಬಿಸಾಡಬೇಡಿ, ನನಗೆ ಓದಿ ಹೇಳಿ ಎಂದಿದ್ದೆ. ಫೋನಿನಲ್ಲಿ ಓದಿದರು. ಮನೆಯವರಿಗೂ ಓದಿ ಹೇಳಿದೆ ಎಂದರು. ಆ ವಾಕ್ಯದಿಂದ ನನಗಾದ ಸಂತೋಷವನ್ನು ಇಲ್ಲಿ ಬರೆದಿಡುತ್ತೇನೆ.

ಡಬ್ಬಿಯ ಗೆಳತಿಯ ಮೇಲೆ ಅವರು ಮುನಿದಿದ್ದರು. ಆಕೆಗೆ ಕೊಟ್ಟ ಔಷಧ ಆಕೆಗೆ ಸರಿಯೇ ಇತ್ತು, ಕೊಟ್ಟದ್ದು ಪ್ರೀತಿಯಿಂದ ಎಂದು ಹೇಳಿದೆ. ಸರಿ, ಮಾತಾಡತೀನಿ ಎಂದು ಹೋದರು.

ಕಳೆದ ಮಂಗಳವಾರ ರಾತ್ರಿ ಫೋನು. “ಅಕ್ಕಾರ, ಆ ಚೀಟಿ ಫೋಟೋ ಇನ್ನ ಮೂರು ಮಂದಿ ಹತ್ತರ ಐತ್ರಿ. ಗರ್ಭಚೀಲ ಐತೇನು ಅಂತ ಗಾಡಿಯಾಗ ಒಬ್ಬೊಬ್ಬರನ್ನ ಕೇಳೀನಿ. ಒಬ್ಬಾಕೀಗೆ ಐತ್ರಿ. ಒಂಬತ್ತು ತಿಂಗಳಿಂದ ಹಚ್ಚಾಕ ಹತ್ತ್ಯಾಳ.” ಆಕೆಯನ್ನು ನಾಳೆಯೇ ವೈದ್ಯೆಯ ಹತ್ತಿರ ಕರೆದುಕೊಂಡು ಹೋಗಿ ಎಂದೆ. ರಜೆ ಹಾಕಿದ್ದೇನೆ, ಹೊರಟಿದ್ದೇನೆ ಎಂದರು. ಶನಿವಾರ ಆಕೆಯನ್ನು ನನ್ನಲ್ಲಿಗೂ ಕರೆತರುತ್ತಾರೆ. ಆಕೆಯ ಜೊತೆ ಮರಾಠಿಯಲ್ಲಿ ಮಾತಾಡಬೇಕು.